ಮನೆ ಮುಂದಿನ ರಸ್ತೆ: ವೇಗಕ್ಕೂ ಬೇಕು ಪಥ್ಯ

ಆಟದ ಚೆಂಡು ರಸ್ತೆಗೆ ಉರುಳಿತು. ಹಿಂದೆಯೇ ಆರು ವರ್ಷದ ಮಗು ಓಡಿತು. ಹದಿನೈದು ಮೀಟರ್ ದೂರದಲ್ಲಿ ಕಾರೊಂದು ಬರುತ್ತಿದೆ. ಮಗು ಉಳಿಯುವುದೇ? ಇದಕ್ಕೆ ಉತ್ತರ ಚಾಲಕನ ಜಾಣತನದಲ್ಲಿಲ್ಲ, ಕಾರಿನ ವೇಗದಲ್ಲಿದೆ.

ವೇಗ ಗಂಟೆಗೆ 30 ಕಿ.ಮೀ. ಇದ್ದರೆ, ಮಗುವನ್ನು ಕಂಡು ಬ್ರೇಕ್ ಒತ್ತುವ ಒಂದು ಸೆಕೆಂಡಿನಲ್ಲಿ ಕಾರು ಸುಮಾರು 8 ಮೀಟರ್ ಸಾಗುತ್ತದೆ. ಒಣ ರಸ್ತೆಯಲ್ಲಿ ಮತ್ತೆ 5 ಮೀಟರ್ ಹೋಗಿ ನಿಲ್ಲುತ್ತದೆ. ಮಗು ಉಳಿಯಿತು. ವೇಗ 50 ಕಿ.ಮೀ. ಆದರೆ ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ಕಳೆದುಹೋಗುತ್ತದೆ. ಬ್ರೇಕ್ ಹಿಡಿದರೂ ಕಾರು ಹೆಚ್ಚುಕಡಿಮೆ ಅದೇ ವೇಗದಲ್ಲಿ ಮಗುವಿಗೆ ಬಡಿಯುತ್ತದೆ.

30ರಿಂದ 50ಕ್ಕೆ ಏರಿದರೆ ವಾಹನದ ಚಲನಶಕ್ತಿ ಸುಮಾರು ಮೂರು ಪಟ್ಟಾಗುತ್ತದೆ. ಎಳೆಯ ತಲೆಬುರುಡೆ, ಯಕೃತ್ತು, ಗುಲ್ಮಗಳು ಆ ಹೊಡೆತವನ್ನು ತಾಳಲಾರವು. ಚಿಕ್ಕ ಮಕ್ಕಳಿಗೆ ಬರುವ ವಾಹನದ ವೇಗ, ದೂರಗಳ ಸರಿಯಾದ ಅಂದಾಜೂ ಇರುವುದಿಲ್ಲ. ಜಗತ್ತಿನಲ್ಲಿ 5ರಿಂದ 29 ವರ್ಷದವರ ಸಾವಿಗೆ ರಸ್ತೆ ಅಪಘಾತವೇ ಮೊದಲ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ನಗರಗಳು ಏನು ಮಾಡಬಹುದು?

ಆಸ್ಟ್ರಿಯಾದ ಗ್ರಾಜ್ ನಗರ 1992ರಲ್ಲೇ ಮುಖ್ಯರಸ್ತೆಗಳನ್ನು ಬಿಟ್ಟು ಉಳಿದೆಲ್ಲ ಬೀದಿಗಳಲ್ಲಿ ವೇಗವನ್ನು 30 ಕಿ.ಮೀ.ಗೆ ಮಿತಿಗೊಳಿಸಿತು. ಫಿನ್ಲೆಂಡಿನ ಹೆಲ್ಸಿಂಕಿಯೂ ಬಡಾವಣೆಗಳಲ್ಲಿ ಇದೇ ದಾರಿ ಹಿಡಿಯಿತು. 2019ರಲ್ಲಿ ಅಲ್ಲಿ ಒಬ್ಬ ಪಾದಚಾರಿಯೂ ವಾಹನಕ್ಕೆ ಸಿಕ್ಕಿ ಸಾಯಲಿಲ್ಲ.

ಬರೀ ಫಲಕ ನೆಟ್ಟರೆ ಸಾಲದು. ರಸ್ತೆಯೇ ವೇಗವನ್ನು ತಗ್ಗಿಸುವಂತಿರಬೇಕು. ಅಡ್ಡರಸ್ತೆಯ ತಿರುವು ಕಿರಿದಾಗಿದ್ದರೆ ವಾಹನ ನಿಧಾನವಾಗಿಯೇ ತಿರುಗುತ್ತದೆ. ತಿರುವಿನಲ್ಲಿ ವಾಹನ ನಿಲ್ಲಿಸದಂತೆ ತಡೆದರೆ ಮಗು ಚಾಲಕನ ಕಣ್ಣಿಗೆ ಬೀಳುತ್ತದೆ. ಒಡೆಯದ ಫುಟ್‌ಪಾತ್, ಉರಿಯುವ ಬೀದಿದೀಪ ಇವೂ ಔಷಧಗಳೇ.

ನಮ್ಮಲ್ಲಿ ಅಪಘಾತವಾದ ಮರುದಿನ ಬೀದಿಗೆ ಅಡ್ಡಲಾಗಿ ಚೂಪಾದ ಹಂಪ್ ಎದ್ದುಬಿಡುತ್ತದೆ. ಅದು ಸೊಂಟಕ್ಕೆ ಕೇಡು. ರಾತ್ರಿ ದ್ವಿಚಕ್ರ ಸವಾರರನ್ನು ಬೀಳಿಸುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರವಿದ್ದು ಗುಂಡಗಿರುತ್ತದೆ. ಜೊತೆಗೆ ಬಣ್ಣದ ಪಟ್ಟೆ, ಮುಂಚೆಯೇ ಎಚ್ಚರಿಸುವ ಫಲಕ ಇರಬೇಕು. ಬಡಾವಣೆಯ ಸಂಘದವರು ಮನವಿ ಕೊಡುವಾಗ ಈ ಅಳತೆಯನ್ನೇ ಬರೆದು ಕೇಳಿ.

ಅಪಘಾತವಾದರೆ

* 108ಕ್ಕೆ ಕರೆ ಮಾಡಿ.
* ಗಾಯಾಳುವನ್ನು ಎಳೆದಾಡಬೇಡಿ. ಕುತ್ತಿಗೆ ಅಲುಗದಂತೆ ನೋಡಿಕೊಳ್ಳಿ.
* ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ.
* ನೀರು ಕುಡಿಸಬೇಡಿ.
* ಪೊಲೀಸ್, ಕೋರ್ಟು ಎಂದು ಹೆದರಬೇಡಿ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ರಕ್ಷಣೆ ಇದೆ.

ಕೊನೆಯದಾಗಿ ಒಂದು ಮಾತು. ನಮ್ಮ ಬೀದಿಯಲ್ಲಿ ಜೋರಾಗಿ ಹೋಗುವವರು ಬಹಳ ಸಲ ಹೊರಗಿನವರಲ್ಲ, ಆಫೀಸಿಗೆ ತಡವಾದ ನಾವೇ. ನಾಳೆ ಬೆಳಿಗ್ಗೆ ಐದು ನಿಮಿಷ ಮುಂಚೆ ಹೊರಡಿ.