ಗಾಜಿನ ಬಟ್ಟಲಿನಲ್ಲಿ ಮನುಷ್ಯನ ಕರುಳು

ವಾಂತಿಭೇದಿಯೆಂಬುದು ನಮ್ಮ ಹೋಟೆಲು ಬಾಂಧವರಿಗೆ ಹೊಸ ಮಾತಲ್ಲ. ಗಿರಾಕಿಗೆ ಬಂದರೆ ಹೋಟೆಲಿಗೆ ಅಪವಾದ. ಮಾಣಿಗೆ ಬಂದರೆ ಸಂಬಳಕ್ಕೆ ಸಂಚಕಾರ. ಇದನ್ನು ತರುವ ವೈರಾಣುಗಳಲ್ಲಿ ನೋರೋವೈರಸ್ ಎಂಬುದು ಪ್ರಮುಖವಾದುದು. 1968ರಲ್ಲಿ ಅಮೆರಿಕದ ಒಹಾಯೋ ಸಂಸ್ಥಾನದ ನಾರ್ವಾಕ್ ಎಂಬ ಊರಿನ ಶಾಲೆಯೊಂದರಲ್ಲಿ ಮಕ್ಕಳೂ ಉಪಾಧ್ಯಾಯರೂ ಕಾಯಿಲೆ ಬಿದ್ದರು. ವೈರಾಣುವಿನ ಹೆಸರು ಆ ಊರಿನಿಂದಲೇ ಬಂದುದು. 1972ರಲ್ಲಿ ಡಾ. ಆಲ್ಬರ್ಟ್ ಕಪಿಕಿಯನ್ ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಅದನ್ನು ಕಂಡರು.

ಕಂಡುದಾಯಿತು, ಆದರೆ ಸಾಕುವುದು ಹೇಗೆ? ಪ್ರಯೋಗಶಾಲೆಯ ಸಾಧಾರಣ ಜೀವಕೋಶಗಳಲ್ಲಿ ಅದು ಬೆಳೆಯಲೊಲ್ಲದು. ಅದಕ್ಕೆ ಬೇಕಾದುದು ಮನುಷ್ಯನ ಕರುಳು. ದಶಕಗಳೇ ಹೀಗೆ ಕಳೆದವು.

ಹಾದಿ ತೆರೆದುದು ನೆದರ್‌ಲೆಂಡ್ಸಿನಲ್ಲಿ. ಅಲ್ಲಿ ಹಾನ್ಸ್ ಕ್ಲೆವರ್ಸ್ ಮತ್ತು ಅವರ ಸಂಗಡಿಗರು 2009ರಲ್ಲಿ ಇಲಿಯ ಕರುಳಿನ ಆಕರಕೋಶದಿಂದ ಪುಟ್ಟ ಕರುಳಿನಂತಹ ರಚನೆಯನ್ನು ಬೆಳೆಸಿ ತೋರಿಸಿದರು. ಮನುಷ್ಯನ ಕರುಳಿಗೂ ಈ ವಿಧಾನ ಬೇಗನೆ ಒದಗಿತು. 2016ರಲ್ಲಿ ಹ್ಯೂಸ್ಟನ್ ನಗರದ ಬೇಯ್ಲರ್ ವೈದ್ಯಕೀಯ ಕಾಲೇಜಿನ ಮೇರಿ ಎಸ್ಟಿಸ್ ಅವರ ತಂಡವು ಇಂತಹ ಕಿರುಗರುಳಿನಲ್ಲಿ ನೋರೋವೈರಸನ್ನು ಬೆಳೆಸಿತು. ಕೆಲವು ತಳಿಗಳು ಪಿತ್ತರಸವನ್ನು ಬೆರೆಸಿದ ಮೇಲೆಯೇ ಬೆಳೆದವಂತೆ. ನಾವುಂಡ ತುಪ್ಪವನ್ನು ಅರಗಿಸಲು ನೆರವಾಗುವ ರಸವೇ ಶತ್ರುವಿಗೂ ನೆರವಾಯಿತೆಂಬುದು ವಿಚಿತ್ರ!

ಒಂದೇ ಪಂಕ್ತಿಯಲ್ಲಿ ಉಂಡವರಲ್ಲಿ ಕೆಲವರು ಮಲಗುವರು, ಕೆಲವರಿಗೆ ಏನೂ ಆಗದು. ಇದಕ್ಕೊಂದು ಕಾರಣ ಹುಟ್ಟಿನಿಂದಲೇ ಬಂದುದು: ಕೆಲವರ ಕರುಳಿನ ಮೇಲೆ ಈ ವೈರಾಣುವಿನ ಕೆಲವು ತಳಿಗಳು ಅಂಟಿಕೊಳ್ಳಲು ಬೇಕಾದ ಸಕ್ಕರೆಯಂತಹ ವಸ್ತುವೇ ಇರುವುದಿಲ್ಲ. ಅಂತಹವರ ಅಂಗಾಂಶದಿಂದ ಬೆಳೆಸಿದ ಕಿರುಗರುಳಿನಲ್ಲಿಯೂ ಆ ತಳಿಗಳು ಬೆಳೆಯಲಿಲ್ಲ. ಮಾದರಿಯು ನಂಬಲರ್ಹವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲವೆಂದು ನಮಗೆ ತೋರುತ್ತದೆ.

ಕೊರತೆಯೂ ಉಂಟು. ಕಿರುಗರುಳಿನಲ್ಲಿ ರಕ್ತನಾಳವಿಲ್ಲ, ಬಿಳಿಯ ರಕ್ತಕಣಗಳಿಲ್ಲ. ಸೋಂಕು ತಗಲಿದ ಕೋಶಗಳು ಕಳುಹಿಸುವ ಅಪಾಯದ ಸೂಚನೆಯನ್ನು ಅಲ್ಲಿ ಕಾಣಬಹುದು. ಉರಿಯೂತದ ಪೂರ್ಣ ಕಥೆಯನ್ನು ಕಾಣಲಾಗದು. ರಕ್ಷಣಾಕೋಶಗಳನ್ನೂ ಜೊತೆಗೆ ಬೆಳೆಸುವ ಯತ್ನಗಳು ನಡೆದಿವೆ.

ನಮ್ಮ ವೃತ್ತಿಗೆ ಸಂಬಂಧಿಸಿದ ಫಲವೊಂದು 2018ರಲ್ಲಿ ಹೊರಬಂದಿತು. ಕಿರುಗರುಳನ್ನೇ ಒರೆಗಲ್ಲಾಗಿಸಿ ಪರೀಕ್ಷಿಸಿದಾಗ ಕ್ಲೋರಿನ್ ದ್ರಾವಣವು ವೈರಾಣುವನ್ನು ನಿಷ್ಕ್ರಿಯಗೊಳಿಸಿತು. ಮದ್ಯಸಾರದಿಂದ ಆ ಕೆಲಸ ಪೂರ್ಣವಾಗಿ ಆಗಲಿಲ್ಲ. ಆದುದರಿಂದ ಗಲ್ಲಾದ ಬಳಿ ಇಟ್ಟಿರುವ ಸ್ಯಾನಿಟೈಸರ್ ಸೀಸೆಯೊಂದನ್ನೇ ನೆಚ್ಚಬಾರದು. ಅಡಿಗೆಯವರೂ ಬಡಿಸುವವರೂ ಸಾಬೂನು ಹಾಕಿ ನೀರಿನಲ್ಲಿ ಕೈ ತೊಳೆಯತಕ್ಕದ್ದು. ವಾಂತಿಭೇದಿ ನಿಂತ ಮೇಲೆಯೂ 48 ಗಂಟೆಗಳ ಕಾಲ ರೋಗಿಯು ಅಡಿಗೆಮನೆಗೆ ಕಾಲಿಡಬಾರದೆಂಬುದು ಆರೋಗ್ಯಾಧಿಕಾರಿಗಳ ಸಲಹೆ. ಆ ಎರಡು ದಿನಗಳ ಸಂಬಳವನ್ನು ಹಿಡಿಯದೆ ಕೊಡುವ ಧಣಿಗಳು ಎಷ್ಟು ಮಂದಿ?