ರೂಟ್ ಯಾರ ಕೈಯಲ್ಲಿ?

ಚಿಮ್ಮಡದ ರೈತ ಬೆಳೆಸಾಲಕ್ಕೆ ಹೋದರೆ ಬ್ಯಾಂಕು ಮೊದಲು ಕೇಳುವುದು ಉತಾರ, ಅಂದರೆ ಜಮೀನಿನ ಪಹಣಿ. ಒಂದು ಕಾಲಕ್ಕೆ ಅದು ತಲಾಟಿಯ ಕೈಬರಹದ ಪುಸ್ತಕದಲ್ಲಿತ್ತು. ಹೆಸರು ತಿದ್ದಿದರೆ ತಿದ್ದಿದ ಕೈ ಯಾರದೆಂದು ಪತ್ತೆಹಚ್ಚುವುದು ಕಷ್ಟ. 2001ರ ಹೊತ್ತಿಗೆ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲೂಕು ಕಚೇರಿಯ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು, ಯಾರು ಏನು ಮಾಡಿದರೆಂಬುದು ದಾಖಲಾಗಬೇಕು ಎಂಬ ಏರ್ಪಾಡು ಅದರಲ್ಲಿತ್ತು. ದಾಖಲೆ ಕಂಪ್ಯೂಟರಿಗೆ ಬಂದದ್ದಕ್ಕಿಂತ ಇದು ದೊಡ್ಡ ಸುಧಾರಣೆ.

ಯಾರು ಏನು ಮಾಡಿದರು ಎಂಬ ಇದೇ ಪ್ರಶ್ನೆ ಯೂನಿಕ್ಸ್ ಎಂಬ ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆಯ ಲೋಕವನ್ನು ಬಹಳ ಮೊದಲೇ ಕಾಡಿತ್ತು. ಯೂನಿಕ್ಸಿನಲ್ಲಿ ‘ರೂಟ್’ ಎಂಬ ಬಳಕೆದಾರನ ಸಂಖ್ಯೆ 0. ಕಡತಗಳಿಗೆ ಹಾಕಿದ ಅನುಮತಿಯ ಕಟ್ಟುಪಾಡು ಅವನನ್ನು ತಡೆಯುವುದಿಲ್ಲ. ನಾಲ್ವರು ಅವನ ಪಾಸ್‌ವರ್ಡ್ ಹಂಚಿಕೊಂಡರೆ, ಏನಾದರೂ ಅಳಿಸಿಹೋದ ದಿನ ದಾಖಲೆ ಹೇಳುವುದು ‘ರೂಟ್ ಮಾಡಿದ’ ಎಂದಷ್ಟೇ.

1980ರ ಸುಮಾರಿಗೆ ಅಮೆರಿಕದ ಬಫಲೊ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಬರೆದ ‘ಸೂಡೂ’ ಎಂಬ ಪ್ರೋಗ್ರಾಮ್ ಈ ತೊಡಕಿಗೆ ಪರಿಹಾರದ ದಾರಿ ತೋರಿತು. ಯಾರು, ಯಾವ ಯಂತ್ರದಲ್ಲಿ, ಯಾರ ಹೆಸರಿನಲ್ಲಿ, ಯಾವ ಆಜ್ಞೆ ನಡೆಸಬಹುದು ಎಂಬುದನ್ನು ಒಂದು ಕಡತದಲ್ಲಿ ಬರೆದಿಡಬಹುದು. ಪ್ರಿಂಟರ್ ನೋಡಿಕೊಳ್ಳುವವನಿಗೆ ಮುದ್ರಣ ಸೇವೆಯನ್ನು ಮತ್ತೆ ಚಾಲೂ ಮಾಡುವ ಒಂದೇ ಆಜ್ಞೆ ಸಾಕು. ಸಾಮಾನ್ಯವಾಗಿ ಅವನು ಕೊಡುವುದು ತನ್ನದೇ ಪಾಸ್‌ವರ್ಡ್. ದಾಖಲಾಗುವುದೂ ಅವನದೇ ಹೆಸರು.

ಆದರೆ ಆ ಕಡತದಲ್ಲಿ ಈ ಅನುಮತಿಗಳ ಪಟ್ಟಿ ಬರೆಯುವಾಗ ಎಚ್ಚರ ಬೇಕು. ‘ಒಂದು ಕಡತ ತಿದ್ದಲಿಕ್ಕಷ್ಟೇ’ ಎಂದು ಯಾರಿಗೋ ರೂಟ್ ಹೆಸರಿನಲ್ಲಿ ವಿಮ್ ಎಂಬ ಪಠ್ಯ ಸಂಪಾದಕ ಕೊಟ್ಟರೆ, ಅವರು ಅದರೊಳಗಿಂದಲೇ ಯಾವ ಆಜ್ಞೆಯನ್ನಾದರೂ ಕೊಡಬಲ್ಲ ಷೆಲ್ ತೆರೆಯಬಹುದು. ಆ ಷೆಲ್ ಕೂಡ ರೂಟ್‌ನದೇ! ಅಲ್ಲಿಗೆ ಇಡೀ ಯಂತ್ರ ಅವರ ವಶ. ‘ಸೂಡೂಎಡಿಟ್’ ಹೀಗಾಗಲು ಬಿಡುವುದಿಲ್ಲ: ಕಡತದ ಪ್ರತಿಯನ್ನು ಬಳಕೆದಾರ ತನ್ನ ಸ್ವಂತ ಅಧಿಕಾರದಲ್ಲೇ ತಿದ್ದುತ್ತಾನೆ, ಮುಗಿದ ಮೇಲೆ ಅದು ಮೂಲಕ್ಕೆ ಸೇರುತ್ತದೆ. ‘ಇವೆರಡು ಬಿಟ್ಟು ಉಳಿದದ್ದೆಲ್ಲ ಮಾಡಬಹುದು’ ಎಂಬ ನಿಯಮವೂ ಪೊಳ್ಳು. ನಿಷೇಧಿಸಿದ ಪ್ರೋಗ್ರಾಮನ್ನು ಬೇರೆ ಹೆಸರಿಗೆ ನಕಲು ಮಾಡಿಕೊಂಡರೆ ತಡೆಯುವವರಿಲ್ಲ. ಬೇಕಾದದ್ದನ್ನು ಮಾತ್ರ ಹೆಸರಿಸಿ ಕೊಡುವುದೇ ಸರಿ.

ಸೂಡೂದಲ್ಲೇ ದೋಷ ಇದ್ದರೆ? 2021ರ ಜನವರಿಯಲ್ಲಿ ಕ್ವಾಲಿಸ್ ಸಂಸ್ಥೆಯ ತಜ್ಞರು ಅಂಥದ್ದೊಂದನ್ನು ಬಯಲಿಗೆ ತಂದರು. ಪಟ್ಟಿಯಲ್ಲಿ ಹೆಸರೇ ಇಲ್ಲದ ಸಾಮಾನ್ಯ ಬಳಕೆದಾರನೂ ರೂಟ್ ಆಗಬಹುದಾದ ಆ ದೋಷ 2011ರಿಂದಲೂ ಒಳಗೆ ಅಡಗಿತ್ತು.

ಆದ್ದರಿಂದ ಅನುಭವಿ ನಿರ್ವಾಹಕರು ಸೂಡೂ ಒಂದನ್ನೇ ನಂಬಿ ಕೂರುವುದಿಲ್ಲ; ದೂರದಿಂದ ನೇರವಾಗಿ ರೂಟ್ ಆಗಿ ಲಾಗಿನ್ ಆಗುವ ದಾರಿಯನ್ನೇ ಮುಚ್ಚುತ್ತಾರೆ. ದಾಖಲೆಯನ್ನು ಆಗಿಂದಾಗಲೇ ಇನ್ನೊಂದು ಯಂತ್ರಕ್ಕೂ ಕಳಿಸುತ್ತಾರೆ. ರೂಟ್ ಆದವನು ತನ್ನ ಯಂತ್ರದ ದಾಖಲೆ ಅಳಿಸಬಲ್ಲ. ಆದರೆ ಆ ಇನ್ನೊಂದು ಯಂತ್ರದ ರೂಟ್ ಬೇರೆಯವರ ಕೈಯಲ್ಲಿರುತ್ತದೆ.