ನೀರಿನ ಹನಿ ಕಿಡಿ ಹಾರಿಸದಿದ್ದರೆ?

ನೀರು ಬೆಂಕಿಯನ್ನು ಆರಿಸುವುದೆಂದು ಎಲ್ಲರೂ ಬಲ್ಲರು. ಅದೇ ನೀರು ಹನಿಹನಿಯಾಗಿ ತೊಟ್ಟಿಕ್ಕಿ ಕಿಡಿ ಹಾರಿಸಬಲ್ಲದೆಂದರೆ ನಂಬುವವರು ಕಡಮೆ. ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ವಿಲಿಯಂ ಥಾಮ್ಸನ್ ಅವರು 1867ರಲ್ಲಿ ಇಂಥದೊಂದು ಯಂತ್ರವನ್ನು ವರ್ಣಿಸಿದರು. 1892ರಲ್ಲಿ ಲಾರ್ಡ್ ಕೆಲ್ವಿನ್ ಎಂಬ ಪದವಿ ಪಡೆದವರು ಇವರೇ. ಇದಕ್ಕೆ ತಿರುಗುವ ಚಕ್ರ ಬೇಡ, ಬ್ಯಾಟರಿ ಬೇಡ. ಮನೆಯಲ್ಲಿರುವ ತಗಡಿನ ಡಬ್ಬಿಗಳೇ ಸಾಕು. ಆದರೂ ಆಸೆಯಿಂದ ಕಟ್ಟಿದವನಿಗೆ ಕಿಡಿಯ ಬದಲು ಒದ್ದೆಯಾದ ಮೇಜು ಮಾತ್ರ ದೊರೆಯುವುದುಂಟು. ಹಾಗಾದಾಗ ದೋಷವನ್ನು ಎಲ್ಲಿ ಹುಡುಕಬೇಕು?

ಮೊದಲು ಯಂತ್ರದ ರಚನೆಯನ್ನು ನೋಡೋಣ. ಮೇಲೊಂದು ನೀರಿನ ಪಾತ್ರೆ. ಅದರಿಂದ ಎರಡು ಸಣ್ಣ ಧಾರೆಗಳು. ಪ್ರತಿಯೊಂದು ಧಾರೆಯೂ ಒಂದೊಂದು ಲೋಹದ ಬಳೆಯ ನಡುವೆ ಹಾದು ಕೆಳಗಿನ ಡಬ್ಬಿಗೆ ಬೀಳುತ್ತದೆ. ಎಡಗಡೆಯ ಬಳೆಯಿಂದ ಬಲಗಡೆಯ ಡಬ್ಬಿಗೂ, ಬಲಗಡೆಯ ಬಳೆಯಿಂದ ಎಡಗಡೆಯ ಡಬ್ಬಿಗೂ ತಂತಿ ಕಟ್ಟಿರಬೇಕು. ಡಬ್ಬಿಗಳೂ ಬಳೆಗಳೂ ವಿದ್ಯುತ್ತು ಹರಿಯದ ಆಧಾರಗಳ ಮೇಲೆ ನಿಂತಿರಬೇಕು.

ಎಡಗಡೆಯ ಡಬ್ಬಿಯಲ್ಲಿ ಆಕಸ್ಮಿಕವಾಗಿ ಲೇಶಮಾತ್ರ ಋಣಾವೇಶ ಇದೆಯೆನ್ನಿ. ಅದಕ್ಕೆ ಸೇರಿದ ಬಲಗಡೆಯ ಬಳೆಯೂ ಋಣವಾಗಿ, ತನ್ನ ನಡುವೆ ಇಳಿಯುವ ಹನಿಗಳಿಗೆ ಧನಾವೇಶವನ್ನು ಸೆಳೆಯುತ್ತದೆ. ಆ ಹನಿಗಳು ಬಲಗಡೆಯ ಡಬ್ಬಿಯನ್ನು ಧನವಾಗಿಸುತ್ತವೆ. ಅದರಿಂದ ಎಡಗಡೆಯ ಬಳೆ ಧನವಾಗಿ, ಎಡಗಡೆಯ ಡಬ್ಬಿಗೆ ಇನ್ನಷ್ಟು ಋಣಾವೇಶವನ್ನು ಕಳುಹಿಸುತ್ತದೆ. ಇದು ಚಕ್ರಬಡ್ಡಿಯ ಲೆಕ್ಕ; ಗಳಿಸಿದ್ದೆಲ್ಲವೂ ಮರಳಿ ಬಂಡವಾಳವಾಗುತ್ತದೆ.

ದೋಷದ ಸುಳಿವೂ ಈ ಲೆಕ್ಕದಲ್ಲಿಯೇ ಇದೆ. ಬಡ್ಡಿ ಬರುವುದಕ್ಕಿಂತ ಬೇಗ ಬಂಡವಾಳ ಸೋರಿಹೋದರೆ ಗಂಟು ಬೆಳೆಯುವುದು ಹೇಗೆ? ಆದುದರಿಂದ ‘ವಿದ್ಯುತ್ತು ಏಕೆ ಹುಟ್ಟಲಿಲ್ಲ?’ ಎನ್ನುವ ಮುನ್ನ ‘ಹುಟ್ಟಿದ್ದು ಎಲ್ಲಿ ಸೋರಿತು?’ ಎಂದು ಕೇಳಬೇಕು.

ಸೋರಿಕೆಯನ್ನು ನೀರಿಲ್ಲದೆಯೇ ಪರೀಕ್ಷಿಸಬಹುದು. ಬೇಗಡೆ ಹಾಳೆಯ ಎರಡು ಕಿರುಪಟ್ಟಿಗಳನ್ನು ಒಂದಕ್ಕೊಂದು ತಗಲುವಂತೆ ತಂತಿಯ ಕೊಕ್ಕೆಯಿಂದ ಡಬ್ಬಿಗೆ ತೂಗುಹಾಕಿ. ಉಣ್ಣೆಯ ಬಟ್ಟೆಯಿಂದ ಚೆನ್ನಾಗಿ ಉಜ್ಜಿದ ಪ್ಲಾಸ್ಟಿಕ್ ಕೊಳವೆಯನ್ನು ಡಬ್ಬಿಯ ಅಂಚಿಗೆ ಸವರಿದರೆ ಪಟ್ಟಿಗಳು ಅಗಲಬೇಕು. ಅಗಲಿ ಹಾಗೆಯೇ ನಿಲ್ಲಬೇಕು. ಕೂಡಲೆ ಕುಸಿದರೆ ಸೋರಿಕೆ ಇದೆಯೆಂದು ತಿಳಿಯಿರಿ. ಈಗ ಬಳೆಗೆ ಹೋಗುವ ತಂತಿಯನ್ನು ಬಿಚ್ಚಿ ಮತ್ತೆ ನೋಡಿ. ಪಟ್ಟಿಗಳು ನಿಂತರೆ ದೋಷ ಬಳೆಯ ಕಡೆಯದು. ನಿಲ್ಲದಿದ್ದರೆ ಡಬ್ಬಿಯ ಆಧಾರದ್ದು.

ಮರ ಒಣಗಿದಂತೆ ಕಂಡರೂ ನಂಬಿಕೆಗೆ ಯೋಗ್ಯವಲ್ಲ. ಗಾಜಿನ ಮೇಲೆ ತೇವದ ಪೊರೆ ಕಟ್ಟುತ್ತದೆ. ಮೇಣದ ದಪ್ಪ ಬಿಲ್ಲೆ ಅಥವಾ ಥರ್ಮೋಕೋಲ್ ಲೇಸು. ಆದರೆ ಸಿಡಿದ ಹನಿಗಳಿಂದ ಅವೂ ಒದ್ದೆಯಾಗಬಾರದು. ತಂತಿಯ ಚೂಪಾದ ತುದಿಯಿಂದಲೂ ಡಬ್ಬಿಯ ಹರಿತವಾದ ಅಂಚಿನಿಂದಲೂ ಆವೇಶವು ಗಾಳಿಗೆ ಜಾರುವುದರಿಂದ ಅವನ್ನು ದುಂಡಗೆ ಮಡಿಸಬೇಕು. ಅಡ್ಡ ಹಾಯುವ ತಂತಿಗಳು ಒಂದನ್ನೊಂದು ಮುಟ್ಟಬಾರದು. ಮಳೆಗಾಲದ ಕರಾವಳಿಯಲ್ಲಿ ಮೊಂಡು ಹಿಡಿಯುವ ಯಂತ್ರವು ಬಯಲುಸೀಮೆಯ ಒಣ ಮಧ್ಯಾಹ್ನದಲ್ಲಿ ಸುಲಭವಾಗಿ ಮಣಿಯುವುದು.

ಸೋರಿಕೆ ನಿಂತರೂ ಫಲ ಕಾಣದಿದ್ದರೆ ಧಾರೆಯನ್ನು ದಿಟ್ಟಿಸಿ ನೋಡಿ. ಮೇಲೆ ಅದು ಗಾಜಿನ ಕಡ್ಡಿಯಂತೆ ಅಖಂಡವಾಗಿರುತ್ತದೆ. ಕೆಳಗಿಳಿದಂತೆ ಹನಿಗಳಾಗಿ ಒಡೆಯುತ್ತದೆ. ಆ ಒಡೆಯುವ ಸ್ಥಳವು ಬಳೆಯ ಮಧ್ಯದಲ್ಲಿರಬೇಕು. ಬಳೆಯ ಪ್ರಭಾವದಲ್ಲಿರುವಾಗಲೇ ಬೇರ್ಪಟ್ಟ ಹನಿಯು ಆವೇಶವನ್ನು ಹೊತ್ತುಕೊಂಡು ಇಳಿಯುತ್ತದೆ. ಬಳೆಯನ್ನು ದಾಟಿದ ಮೇಲೆ ಒಡೆದರೆ ಅದರ ಹೊರೆ ಹಗುರ. ಎರಡು ಧಾರೆಗಳಿಗೆ ಬೇರೆಬೇರೆ ಪಾತ್ರೆಗಳನ್ನು ಇಟ್ಟಿದ್ದರೆ ಅವುಗಳ ನೀರನ್ನು ಒಂದು ತಂತಿಯಿಂದ ಕೂಡಿಸಿ. ಇಲ್ಲವಾದರೆ ಮೇಲೆ ಉಳಿದ ವಿರುದ್ಧ ಆವೇಶಗಳು ಒಂದನ್ನೊಂದು ಸೇರಲಾರದೆ ಕೆಲಸಕ್ಕೆ ಅಡ್ಡಿಯಾಗುವುವು. ನಲ್ಲಿಯ ನೀರೇ ಸಾಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿದವನಿಗೆ ಯಂತ್ರ ಕೆಲಸ ಮಾಡಿದರೂ ಕಾರಣ ತಿಳಿಯದು.

ಕಿಡಿಗೆ ಮುನ್ನವೇ ಶುಭಸೂಚನೆ ದೊರೆಯುತ್ತದೆ. ನೆಟ್ಟಗೆ ಬೀಳುತ್ತಿದ್ದ ಹನಿಗಳು ಕೊಡೆಯಂತೆ ಚದರಿ, ಕೆಲವು ಬಳೆಯತ್ತಲೇ ತಿರುಗುತ್ತವೆ. ಇದು ದೋಷವಲ್ಲ, ಆವೇಶ ಬೆಳೆದುದರ ಗುರುತು. ಹನಿಗಳು ಬಳೆಗೆ ಬಡಿದು ಗಳಿಕೆಯನ್ನು ಕಳೆಯುವಂತಿದ್ದರೆ ಮಾತ್ರ ತುಸು ಅಗಲವಾದ ಬಳೆಯನ್ನು ಹಾಕಿ. ಎರಡು ಡಬ್ಬಿಗಳಿಂದ ಬಂದ ದುಂಡು ತುದಿಗಳನ್ನು ಒಂದು ಮಿಲಿಮೀಟರ್ ಅಂತರದಲ್ಲಿ ನಿಲ್ಲಿಸಿದರೆ ಅವುಗಳ ನಡುವೆ ಕಿಡಿ ಚಟ್ಟನೆ ಹಾರುವುದು. ಅಷ್ಟು ದೂರವನ್ನು ದಾಟಲು 3,000 ವೋಲ್ಟಿಗೂ ಮಿಕ್ಕ ಒತ್ತಡ ಬೇಕು. ಡಬ್ಬಿಗಳಲ್ಲಿ ಸೇರುವ ಆವೇಶ ಅತ್ಯಲ್ಪವಾದುದರಿಂದ ಬೆರಳಿಗೆ ಚುರುಕೆನ್ನುವುದಷ್ಟೆ; ಆದರೆ ಆವೇಶವನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಡುವ ಕೆಪಾಸಿಟರನ್ನು ಜೋಡಿಸುವುದು ಅಪಾಯ.

ಈ ಶಕ್ತಿ ಶೂನ್ಯದಿಂದ ಬಂದುದಲ್ಲ. ಕೆಳಗಿನ ಡಬ್ಬಿ ತನ್ನದೇ ಜಾತಿಯ ಆವೇಶವಿರುವ ಹನಿಯನ್ನು ದೂರ ತಳ್ಳುತ್ತಿದ್ದರೂ ಭೂಮಿಯ ಸೆಳೆತ ಅದನ್ನು ಕೆಳಗೆ ಎಳೆಯುತ್ತದೆ. ಆ ಜಗ್ಗಾಟದಲ್ಲಿ ನಡೆದ ದುಡಿಮೆಯೇ ಕಿಡಿಯಾಗುತ್ತದೆ. ಮೇಲಿನ ಪಾತ್ರೆಗೆ ನೀರು ಹೊತ್ತು ಸುರಿದ ನಿಮ್ಮ ತೋಳಿನ ಶ್ರಮವೇ ಹೀಗೆ ಬೆಳಕಾಗಿ ಹೊರಬಂದಿತೆಂದು ಹೇಳಿದರೆ ತಪ್ಪಾಗದು.